ಗೇಟಿನಲ್ಲಿ ನಿಲ್ಲದ ಬಸ್ಸು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲೂಕು ಜಾಲಾಡಿದರೂ ಒಂದು ಗೇಣು ರೈಲು ಹಳಿ ಸಿಗುವುದಿಲ್ಲ. ಆದರೂ ನಮ್ಮ ಮನೆಯಲ್ಲಿ ರೈಲಿನ ಜಗಳವಿಲ್ಲದೆ ಒಂದು ವಾರ ಕಳೆದದ್ದು ನನಗೆ ನೆನಪಿಲ್ಲ. ನನ್ನ ಗಂಡ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಬೀರೂರು, ಅರಸೀಕೆರೆ, ಹುಬ್ಬಳ್ಳಿ ಎಂದು ಅರ್ಧ ಆಯುಷ್ಯವನ್ನು ಹಳಿಯ ಮೇಲೆ ಕಳೆದು, ನಿವೃತ್ತರಾದ ಮೇಲೆ ಕೊಪ್ಪದ ಹತ್ತಿರದ ನಾರ್ವೆ ಕಡೆಯ ನಮ್ಮ ಪಾಲಿನ ಜಮೀನಿಗೆ ಬಂದು ಕೂತರು. ನಾನು ಅವರನ್ನು ಗಾರ್ಡ್ ಸಾಹೇಬರು ಎನ್ನುತ್ತೇನೆ. ಮೊದಲು ಹಿಂದಿನಿಂದ ಮಾತ್ರ ಹಾಗೆನ್ನುತ್ತಿದ್ದೆ, ಈಗ ಸಿಟ್ಟು ಬಂದರೆ ಎದುರಿಗೂ ಅನ್ನುತ್ತೇನೆ.

ಜಗಳದ ಇನ್ನೊಂದು ತುದಿಯಲ್ಲಿ ಇದ್ದವನು ನನ್ನ ತಮ್ಮ. ಅವನಿಗೆ ಒಂದೇ ಒಂದು ಬಸ್ಸು, ಅದಕ್ಕೆ ಅವನೇ ಮಾಲೀಕ, ಅವನೇ ಡ್ರೈವರ್. ನನಗಿಂತ ತುಂಬಾ ಚಿಕ್ಕವನು. ನಮಗೆ ಮಕ್ಕಳಿಲ್ಲ, ಹಾಗಾಗಿ ಹೈಸ್ಕೂಲಿನ ಹೊತ್ತಿಗೆ ಅವನನ್ನು ನಮ್ಮ ರೈಲ್ವೆ ಕ್ವಾರ್ಟರ್ಸಿಗೆ ಕರೆದುಕೊಂಡು ಹೋಗಿ ಸಾಕಿದವಳು ನಾನು. ಗಾಡಿಯ ಹುಚ್ಚು ಹಿಡಿಸಿದವರು ಅವನ ಭಾವ. ಸಂಜೆ ಪ್ಲಾಟ್‌ಫಾರಂ ತುದಿಗೆ ಕರೆದೊಯ್ದು ಯಾವ ಗಾಡಿ ಎಲ್ಲಿಂದ ಬಂತು, ಯಾಕೆ ನಿಂತಿತು, ಯಾರ ಅಪ್ಪಣೆಯಿಂದ ಹೊರಟಿತು ಎಂದು ಅವನಿಗೆ ಪಾಠ ಹೇಳುತ್ತಿದ್ದರು. ಹುಡುಗ ಎಲ್ಲವನ್ನೂ ಕಲಿತ, ಆದರೆ ದೊಡ್ಡವನಾದ ಮೇಲೆ ಹೋಗಿ ಖಾಸಗಿ ಬಸ್ಸು ಕೊಂಡ. ಭಾವನಿಗೆ ಅದು ಸ್ವಂತ ಮಗ ಪಕ್ಷಾಂತರ ಮಾಡಿದಷ್ಟು ನೋವು.

ಪೇಪರಿನಲ್ಲಿ ಪ್ಯಾಸೆಂಜರ್ ರೈಲುಗಳನ್ನು ಖಾಸಗಿಯವರಿಗೆ ಕೊಡುವ ಸುದ್ದಿ ಬಂದ ದಿನವಂತೂ ನಮ್ಮ ಜಗುಲಿಗೆ ಬೆಂಕಿ ಬೀಳುತ್ತಿತ್ತು. ಗಾರ್ಡ್ ಸಾಹೇಬರದು ಒಂದೇ ವಾದ. ಕಾಡಿನ ನಡುವೆ ಒಂದು ಹಾಲ್ಟ್ ಇದೆ, ಅಲ್ಲಿ ಇಳಿಯುವುದು ಒಬ್ಬಳೇ ಅಜ್ಜಿ, ಕೈಯಲ್ಲಿ ಒಂದು ಸೊಪ್ಪಿನ ಕಟ್ಟು. ಲಾಭ ನೋಡುವವನು ಆ ಅಜ್ಜಿಗಾಗಿ ಇಡೀ ರೈಲನ್ನು ನಿಲ್ಲಿಸುತ್ತಾನೆಯೇ? ಸರ್ಕಾರ ಮಾತ್ರ ನಿಲ್ಲಿಸುತ್ತದೆ. ತಮ್ಮ ಅದಕ್ಕೆ ನಗುತ್ತಲೇ ಕೊಟ್ಟ ಉತ್ತರ ನನಗೆ ಈಗಲೂ ಮರೆತಿಲ್ಲ.

"ಭಾವ, ನೀವು ಗಾಡಿ ನಿಲ್ಲಿಸಿದ್ದು ಅಜ್ಜಿಗಲ್ಲ, ಟೈಂ ಟೇಬಲ್ಲಿಗೆ. ಅಜ್ಜಿ ಹಾಲ್ಟಿಂದ ನಾಲ್ಕು ಮಾರು ದೂರ ಇದ್ದು ಕೈ ಬೀಸಿದ್ರೆ ನೀವು ನಿಲ್ಲಿಸ್ತಿದ್ರಾ?"

ನಿಲ್ಲಿಸುತ್ತಿರಲಿಲ್ಲ ಎಂದು ಇವರು ಒಪ್ಪಿಕೊಂಡರು. ಸುಳ್ಳು ಹೇಳಲು ಬಾರದ ಮನುಷ್ಯ. ಆದರೆ ಹಾಗೆ ಕೈ ಬೀಸಿದವರಿಗೆಲ್ಲ ನಿಲ್ಲಿಸಿದರೆ ಮುಂದಿನ ಹಾಲ್ಟಿನ ಅಜ್ಜಿ ಕಾಯುತ್ತಾ ಕೂರಬೇಕಲ್ಲ ಎಂದು ಕೂಡಲೇ ಎದುರುವಾದ ಹೂಡಿದರು. ಒಮ್ಮೆ ನರಸಿಂಹರಾಜಪುರದ ವಿಷಯವೂ ಬಂತು. ತರೀಕೆರೆಯಿಂದ ಅಲ್ಲಿಗೆ ಹಿಂದೆ ಪುಟ್ಟ ರೈಲು ಓಡಾಡುತ್ತಿತ್ತಂತೆ, ಹಿರಿಯರು ಹೇಳುತ್ತಿದ್ದರು. ಅದು ನಿಂತದ್ದಕ್ಕೆ ಇವರು ಲಾಭದ ಲೆಕ್ಕವನ್ನು ದೂರಿದರೆ, ಅದನ್ನು ನಿಲ್ಲಿಸಿದ್ದು ಯಾವ ಖಾಸಗಿಯವನು ಎಂದು ತಮ್ಮ ಕೇಳಿದ. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಇಬ್ಬರೂ ಊಟದ ಹೊತ್ತಿಗೆ ಸರಿಯಾಗುತ್ತಿದ್ದರು. ಜಗಳ ಅಲ್ಲಿಯವರೆಗೆ ಉಪ್ಪಿನಕಾಯಿಯಷ್ಟೇ ಇತ್ತು.

ಆಮೇಲೆ ಇವರ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ, ಕೊಪ್ಪದ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ಬೆಳಗಿನ ಪಾಳಿ ನಮ್ಮದು. ಹೊತ್ತಿಗೆ ಸರಿಯಾಗಿ ಹೋಗದಿದ್ದರೆ ಮಷೀನನ್ನು ಮುಂದಿನವರಿಗೆ ಕೊಡುತ್ತಾರೆ, ಕೊಡಲೇಬೇಕು, ಅವರಿಗೂ ಜೀವವಿದೆ. ಒಂದು ಸಲ ತಪ್ಪಿದರೆ ಮೈಯಲ್ಲಿ ನೀರು ತುಂಬುತ್ತದೆ, ಕಾಲು ಬಾತುಕೊಳ್ಳುತ್ತದೆ. ಸಾಲಾಗಿ ಎರಡು ಸಲ ತಪ್ಪಬಾರದು ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದರು. ಯಾಕೆ ಎಂದು ನಾನು ಕೇಳಲಿಲ್ಲ, ಅವರ ಮುಖವೇ ಹೇಳಿತ್ತು.

ಹೋಗಲು ಇದ್ದದ್ದು ತಮ್ಮನ ಬಸ್ಸೊಂದೇ. ನಮ್ಮ ಕಡೆ ಖಾಸಗಿ ಬಸ್ಸಿಗೆ ನಿಲ್ದಾಣ ಎಂಬುದು ಹೆಸರಿಗೆ ಮಾತ್ರ. ಮನೆಮನೆಯ ಗೇಟೂ ನಿಲ್ದಾಣವೇ. ಗೇಟಿನ ಹತ್ತಿರ ಮನುಷ್ಯ ಕಾಣದಿದ್ದರೆ ಡ್ರೈವರೇ ನಿಧಾನ ಮಾಡಿ, ಇವತ್ತು ಬರುವುದಿಲ್ಲವಂತಾ ಎಂದು ಪಕ್ಕದವರನ್ನು ಕೇಳುತ್ತಾನೆ. ಔಷಧಿ, ಹಾಲಿನ ಕ್ಯಾನು, ತವರಿಗೆ ಕಳಿಸುವ ಹಲಸಿನಹಣ್ಣು, ಎಲ್ಲಕ್ಕೂ ಅದೇ ಬಸ್ಸು. ತಮ್ಮ ನಮ್ಮ ಗೇಟಿನಲ್ಲಿ ನಿಲ್ಲಿಸಿ, ಭಾವ ಅಂಗಳದಿಂದ ಏರು ಹತ್ತಿ ಬರುವವರೆಗೆ ಕಾಯುತ್ತಿದ್ದ. ಬಸ್ಸು ತುಂಬಾ ಜನ ಕಾಯುತ್ತಿದ್ದರು. ಗಾರ್ಡ್ ಸಾಹೇಬರಿಗೆ ಅದೊಂದು ದೊಡ್ಡ ಮುಜುಗರ. ಒಬ್ಬನಿಗೋಸ್ಕರ ಗಾಡಿ ತಡ ಮಾಡುವುದು ಶಿಸ್ತಲ್ಲ ಎಂದು ಸೀಟಿಗೆ ಕೂತ ಮೇಲೆ ಗೊಣಗುವರು. ಆದರೆ ಎರಡು ವರ್ಷದಲ್ಲಿ ಆ ಗೇಟೇ ಅವರ ಸ್ಟೇಷನ್ ಆಗಿಹೋಗಿತ್ತು.

ಅಷ್ಟರಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ಎಂದಾಯಿತು. ರಾಜ್ಯದ ಹೆಂಗಸರೆಲ್ಲ ಓಡಾಡಿದರು, ನಾವು ಟಿವಿಯಲ್ಲಿ ನೋಡಿದೆವು. ನಮ್ಮ ರಸ್ತೆಯಲ್ಲಿ ಸರ್ಕಾರಿ ಬಸ್ಸೇ ಇರಲಿಲ್ಲ. ಕಡಹಿನಬೈಲಿನಲ್ಲಿರುವ ನನ್ನ ಅತ್ತಿಗೆ ಫೋನ್ ಮಾಡಿದಾಗಲೆಲ್ಲ ತಮ್ಮಲ್ಲೂ ಸರ್ಕಾರಿ ಬಸ್ಸಿಲ್ಲ ಎಂಬ ಇದೇ ಮಾತು. ನಮ್ಮೂರಿನ ಹೆಂಗಸರು ಒಟ್ಟಾಗಿ ಬಸ್ಸು ಕೇಳಿದರು. ಅದರಲ್ಲಿ ನಾನೂ ಇದ್ದೆ, ಮತ್ತು ಇದ್ದದ್ದಕ್ಕೆ ನನಗೆ ಯಾವ ನಾಚಿಕೆಯೂ ಇಲ್ಲ. ಕೂಲಿಗೆ ಹೋಗುವ ಹೆಂಗಸರಿಗೆ ಬಸ್ ಚಾರ್ಜು ಎಂದರೆ ಏನು ಎಂಬುದು ಗೊತ್ತಿಲ್ಲದವರು ಮಾತ್ರ ಅದನ್ನು ಬಿಟ್ಟಿ ಭಾಗ್ಯ ಎಂದು ಹಂಗಿಸಬಲ್ಲರು.

ಪಂಚಾಯಿತಿಯಲ್ಲಿ ಸಭೆ ಆಯಿತು. ತಮ್ಮ ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕೂತಿದ್ದ. ಸರ್ಕಾರಿ ಬಸ್ಸು ಬಂದರೆ ಅವನ ಗತಿ ಏನು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಅದಕ್ಕೇ ಯಾರೂ ಅವನ ಮುಖ ನೋಡುತ್ತಿರಲಿಲ್ಲ. ನಾಲ್ಕು ಮಾತಾಡಿ ಎಂದು ಯಾರೋ ಗಾರ್ಡ್ ಸಾಹೇಬರನ್ನು ಎಬ್ಬಿಸಿದರು. ನಾನು ಪಕ್ಕದಲ್ಲಿ ಕೂತು ಅವರ ಪಂಚೆಯ ತುದಿ ಎಳೆದೆ. ಎಳೆದರೆ ನಿಲ್ಲುವ ಗಾಡಿಯೇ ಅದು? ರೈಲಿನಿಂದ ಶುರು ಮಾಡಿದರು. ಸಾರಿಗೆ ಎಂಬುದು ವ್ಯಾಪಾರವಲ್ಲ, ನೀರು ಇದ್ದ ಹಾಗೆ, ಅದನ್ನು ಸರ್ಕಾರವೇ ನಡೆಸಬೇಕು ಎಂದರು. ಅಲ್ಲಿಗೆ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ಕೊನೆಗೆ ಇನ್ನೂ ಒಂದು ಮಾತು ಸೇರಿಸಿದರು.

"ಲಾಭ ನೋಡುವವನಿಗೆ ಕರುಳು ಇರೋದಿಲ್ಲ. ಇದು ಯಾರನ್ನೂ ನೋಡಿ ಹೇಳಿದ್ದಲ್ಲ."

ಯಾರನ್ನೂ ನೋಡಿರಲಿಲ್ಲ, ನಿಜ. ಆದರೆ ಆ ಹೊತ್ತಿಗೆ ಇಡೀ ಸಭೆ ತಿರುಗಿ ನನ್ನ ತಮ್ಮನನ್ನು ನೋಡಿತು. ಅವನು ಎದ್ದು ಹೋದ. ಮನೆಗೆ ಬರುವ ದಾರಿಯುದ್ದಕ್ಕೂ ನಾನು ಮುಖ ತಿರುಗಿಸಿಕೊಂಡಿದ್ದೆ. ತತ್ವ ಹೇಳಿದೆ, ನಿನ್ನ ತಮ್ಮನಿಗಲ್ಲ ಎಂದು ಇವರು ಎರಡು ಸಲ ಹೇಳಿದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಸರ್ಕಾರಿ ಬಸ್ಸು ಬಂತು, ತಮ್ಮನ ಬಸ್ಸಿಗಿಂತ ಸ್ವಲ್ಪ ಮುಂಚಿನ ಹೊತ್ತಿಗೆ. ಹೆಂಗಸರೆಲ್ಲ ಅದಕ್ಕೆ ಹತ್ತಿದರು, ಹೆಂಡತಿಯರ ಹಿಂದೆ ಗಂಡಂದಿರೂ ಹತ್ತಿದರು. ತಮ್ಮ ಮನೆಗೆ ಬರುವುದನ್ನು ನಿಲ್ಲಿಸಿದ. ಆದರೂ ಸೋಮವಾರ, ಗುರುವಾರ ಬೆಳಿಗ್ಗೆ ಅವನ ಬಸ್ಸು ನಮ್ಮ ಗೇಟಿನಲ್ಲಿ ನಿಲ್ಲುತ್ತಿತ್ತು. ಒಳಗೆ ನಾಲ್ಕು ಜನ ಇದ್ದರೆ ಹೆಚ್ಚು. ನಾವು ಹತ್ತುತ್ತಿದ್ದೆವು, ಅವನು ಮುಂದೆ ನೋಡಿಕೊಂಡೇ ಓಡಿಸುತ್ತಿದ್ದ, ಭಾವ ಕಿಟಕಿಯ ಹೊರಗೆ ನೋಡುತ್ತಿದ್ದರು. ಆ ಖಾಲಿ ಸೀಟುಗಳ ನಡುವೆ ಕೂತು ಕೊಪ್ಪ ಮುಟ್ಟುವುದೆಂದರೆ ಸಾವಿನ ಮನೆಯಲ್ಲಿ ಕೂತಂತೆ ಇರುತ್ತಿತ್ತು. ನಮ್ಮಿಬ್ಬರಿಗಾಗಿ ಡೀಸೆಲ್ ಸುಡುತ್ತಿದ್ದಾನೆ ಎಂದು ನನಗೆ ಗೊತ್ತಿತ್ತು. ಇವರಿಗೂ ಗೊತ್ತಿತ್ತು. ಬಾಯಿ ಬಿಡಬೇಕಾದವರು ಬಿಡಲಿಲ್ಲ.

ಕಾಫಿ ಕೊಯ್ಲು ಮುಗಿಯುತ್ತಾ ಬಂದ ಕಾಲ. ಒಂದು ಸೋಮವಾರ ತಮ್ಮನ ಬಸ್ಸು ಬರಲಿಲ್ಲ. ಗೇಟಿನಲ್ಲಿ ಕಾದು ಕಾದು ಬಿಸಿಲು ಏರಿತು. ಸರ್ಕಾರಿ ಬಸ್ಸು ಆಗಲೇ ಹೋಗಿಯಾಗಿತ್ತು. ತಮ್ಮನ ಫೋನ್ ಸ್ವಿಚ್ ಆಫ್. ಇವರು ಅಂಗಳಕ್ಕಿಳಿದು ಬಂದು ಚಪ್ಪಲಿ ಬಿಟ್ಟರು. ಗುರುವಾರ ಸರ್ಕಾರಿ ಬಸ್ಸಿಗೆ ಹೋದರಾಯಿತು, ಅದಕ್ಕೇ ಅಲ್ಲವೇ ಅದನ್ನು ತರಿಸಿದ್ದು ಎಂದರು.

ಮೂರು ದಿನದಲ್ಲಿ ಅವರ ಪಾದ ಊದಿ, ಬೆರಳು ಒತ್ತಿದರೆ ಗುಳಿ ಬೀಳುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಬುಧವಾರ ರಾತ್ರಿ ಆರಾಮಕುರ್ಚಿಯಲ್ಲೇ ಕೂತಿದ್ದರು. ಗುರುವಾರ ಬೆಳಕು ಹರಿಯುವ ಮೊದಲೇ ನಾನು ಅವರಿಗೆ ಸ್ವೆಟರ್ ಹಾಕಿಸಿದೆ. ಅಂಗಳದಿಂದ ಗೇಟಿಗೆ ಹತ್ತುವ ಏರಿನಲ್ಲಿ ನಾಲ್ಕು ಕಡೆ ನಿಂತರು. ಅಂತೂ ಬಸ್ಸಿಗಿಂತ ಬಹಳ ಮುಂಚೆ ಗೇಟಿಗೆ ಮುಟ್ಟಿದೆವು. ಗೆದ್ದೆವು ಎಂದುಕೊಂಡೆ.

ತಿರುವಿನಲ್ಲಿ ಬಸ್ಸು ಕಂಡಿತು. ಇವರು ಕೈ ಅಡ್ಡ ಹಿಡಿದರು. ಒಂದು ಕಾಲದಲ್ಲಿ ಇದೇ ಕೈ ಹಸಿರು ಬಾವುಟ ಎತ್ತದೆ ರೈಲು ಜಗ್ಗುತ್ತಿರಲಿಲ್ಲ. ಬಸ್ಸಿನ ಡ್ರೈವರು ನಮ್ಮನ್ನು ನೋಡಿದ, ಮುಂದೆ ಎಂದು ಕೈಸನ್ನೆ ಮಾಡಿದ, ಧೂಳೆಬ್ಬಿಸಿಕೊಂಡು ಹೋದ.

ಆಮೇಲೆ ಅರ್ಥವಾಯಿತು. ನಿಲ್ದಾಣ ಇರುವುದು ಶಾಲೆಯ ಹತ್ತಿರ, ನಮ್ಮ ಗೇಟಿನಿಂದ ಮುಂದೆ, ಏರು ಹತ್ತಿ ಎರಡು ತಿರುವು ಕಳೆದು. ಊರಿನ ಹೆಂಗಸರ ಮನೆಗಳೆಲ್ಲ ಅಲ್ಲೇ ಸುತ್ತಮುತ್ತ, ಅವರಿಗೆ ಈ ತೊಂದರೆಯೇ ಇರಲಿಲ್ಲ. ನಮ್ಮ ತುಂಡು ರಸ್ತೆಯಲ್ಲಿ ಹತ್ತುವವರು ನಾವಿಬ್ಬರೇ. ಜೀವಮಾನವಿಡೀ ಹಾಲ್ಟ್ ಬಿಟ್ಟು ಬೇರೆಲ್ಲೂ ಗಾಡಿ ನಿಲ್ಲಿಸದಿದ್ದ ಮನುಷ್ಯ, ಮನೆ ಗೇಟಿನಲ್ಲಿ ನಿಂತು ಸರ್ಕಾರಿ ಬಸ್ಸಿಗೆ ಕೈ ಅಡ್ಡ ಹಿಡಿದಿದ್ದರು. ಖಾಸಗಿ ಬಸ್ಸಿನ ಚಾಳಿ. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಶಾಲೆಯ ಹತ್ತಿರ ಬಸ್ಸು ನಿಂತ ಸದ್ದು ಕೇಳಿತು. ನಡೆಯಿರಿ ಎಂದೆ. ನಡೆದರು. ನನ್ನ ಹೆಗಲ ಮೇಲೆ ಅವರ ಭಾರ, ಕಿವಿಯ ಹತ್ತಿರ ಗೊರಗೊರ ಉಸಿರು. ಮೊದಲ ತಿರುವಿನ ಮೋರಿಕಟ್ಟೆಯ ಮೇಲೆ ಕೂತೇಬಿಟ್ಟರು. ಬಸ್ಸಿನೊಳಗಿಂದ ನಮ್ಮನ್ನು ಕಂಡಿದ್ದ ಹೆಂಗಸರು ಡ್ರೈವರಿಗೆ ಹೇಳಿ ಸ್ವಲ್ಪ ಹೊತ್ತು ಬಸ್ಸನ್ನು ಹಿಡಿದಿದ್ದರಂತೆ. ತಿರುವಿನಲ್ಲಿ ಯಾರೂ ಕಾಣದೆ, ಕೂತಿದ್ದವರಿಗೂ ಕೆಲಸಕ್ಕೆ ತಡವಾಗಿ, ಕೊನೆಗೆ ಅವನು ಹೊರಟ. ಬಯಲುಸೀಮೆಯಿಂದ ಬಂದ ಹೊಸ ಹುಡುಗ. ಅವನಿಗೆ ಶಾಪ ಹಾಕಲು ಬಾಯಿ ತೆರೆದೆ, ಆದರೆ ಬಂದದ್ದು ಅಳು.

ತಮ್ಮನಿಗೆ ಫೋನ್ ಮಾಡಲು ಹೊರಟರೆ ಇವರು ಬೇಡ ಎಂದು ಕೈ ಆಡಿಸಿದರು. ಮಾಡಿಯೇ ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ, ಮತ್ತೆ. ಊರಿನಲ್ಲಿದ್ದ ಒಂದೇ ಜೀಪು ಬಾಳೆಹೊನ್ನೂರಿಗೆ ಹೋಗಿತ್ತು. ಮೋರಿಕಟ್ಟೆಯ ಮೇಲೆ ಅವರ ತಲೆಯನ್ನು ನನ್ನ ಹೊಟ್ಟೆಗೆ ಒರಗಿಸಿಕೊಂಡು ನಿಂತಿದ್ದೆ. ತುಟಿಯ ಬಣ್ಣ ಬದಲಾಗುತ್ತಿದೆ ಎಂದು ಅನ್ನಿಸಿತು. ಇಲ್ಲ, ಬೆಳಕಿನ ದೋಷ ಎಂದು ನನಗೆ ನಾನೇ ಹೇಳಿಕೊಂಡೆ. ಕೊನೆಗೆ ಕಾಫಿ ಮೂಟೆ ತುಂಬಿದ ಒಂದು ಪಿಕಪ್ ಬಂತು. ಅಡ್ಡ ಹೋಗಿ ರಸ್ತೆಯ ಮಧ್ಯವೇ ನಿಂತೆ. ಇವರನ್ನು ಮುಂದೆ ಕೂರಿಸಿ ನಾನು ಹಿಂದೆ ಮೂಟೆಯ ಮೇಲೆ ಹತ್ತಿ ಕೂತೆ. ಅರವತ್ತು ದಾಟಿದ ಹೆಂಗಸು ಸೀರೆ ಎತ್ತಿ ಕಟ್ಟಿಕೊಂಡು ಮೂಟೆಯ ಮೇಲೆ ಕೂತು ಕೊಪ್ಪದ ಪೇಟೆ ಹೊಕ್ಕಿದ್ದನ್ನು ನೋಡಿದವರು ಎಷ್ಟು ಜನವೋ, ನನಗೆ ಪರಿವೆ ಇರಲಿಲ್ಲ.

ನಮ್ಮ ಮಷೀನಿನಲ್ಲಿ ಆಗಲೇ ಒಬ್ಬಳು ಹುಡುಗಿ ಮಲಗಿದ್ದಳು. ನರ್ಸು ಇವರನ್ನು ನೋಡಿದ ಕೂಡಲೇ ಒರಗಿಸಿ ಕೂರಿಸಿ ಮೂಗಿಗೆ ಆಕ್ಸಿಜನ್ ಕೊಟ್ಟಳು. ಮೊದಲು ಖಾಲಿಯಾಗುವ ಮಷೀನು ಇವರಿಗೇ ಎಂದಳು, ಅದಕ್ಕೆ ಇನ್ನೂ ಹೊತ್ತಿತ್ತು. ಕಾಯುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಅಷ್ಟೂ ದಿನ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಸಿಟ್ಟು ಅಲ್ಲಿ, ಆ ಹೊತ್ತಿನಲ್ಲಿ ಹೊರಗೆ ಬಂತು. ಆಡಬಾರದ ಜಾಗ ಎಂದು ಗೊತ್ತಿದ್ದೂ ಆಡಿದೆ.

"ನಿಮ್ಮ ಸರ್ಕಾರಿ ಬಸ್ಸು ಬಂತಲ್ಲ ಗಾರ್ಡ್ ಸಾಹೇಬ್ರೆ. ತೃಪ್ತಿ ಆಯ್ತಾ?"

ಅವರು ಆಕ್ಸಿಜನ್ ಮಾಸ್ಕನ್ನು ಒಂದು ಬೆರಳಿನಿಂದ ಎತ್ತಿದರು.

"ಬಸ್ಸಿನದ್ದು ತಪ್ಪಿಲ್ಲ ಮಾರಾಯ್ತಿ. ನಾವು ಸ್ಟಾಪಲ್ಲಿ ಇರ್ಲಿಲ್ಲ."

ಸಾಯುವ ಹೊತ್ತಿನಲ್ಲೂ ಈ ಮನುಷ್ಯನಿಗೆ ರೂಲ್ಸೇ ದೊಡ್ಡದು ಎಂದು ಮೈ ಉರಿಯಿತು. ಅದೇ ಕ್ಷಣದಲ್ಲಿ, ಇಂಥವನನ್ನು ಬಿಟ್ಟು ನಾನು ಇರಲಾರೆ ಎಂದೂ ಅನ್ನಿಸಿತು. ಮಾಸ್ಕನ್ನು ಮತ್ತೆ ಸರಿಯಾಗಿ ಕೂರಿಸಿ ಪಕ್ಕದಲ್ಲಿ ಕೂತೆ. ಮಧ್ಯಾಹ್ನದ ಹೊತ್ತಿಗೆ ಮಷೀನು ಸಿಕ್ಕಿತು.

ತಮ್ಮ ಬಂದದ್ದು ಸಂಜೆ. ನನ್ನ ಮಿಸ್ಡ್ ಕಾಲ್ ನೋಡಿ ಊರಿಗೆ ಹೋಗಿ, ಮನೆಗೆ ಬೀಗ ಕಂಡು, ಅಲ್ಲಿಂದ ಓಡಿ ಬಂದಿದ್ದ. ಸೋಮವಾರವೇ ಬಸ್ಸನ್ನು ಮಾರಿಬಿಟ್ಟಿದ್ದನಂತೆ. ಶಿವಮೊಗ್ಗಕ್ಕೆ ಒಯ್ದು ಕೊಟ್ಟು, ಯಾರಿಗೂ ಮುಖ ತೋರಿಸಲಾಗದೆ ಹೆಂಡತಿಯ ತವರಿನಲ್ಲಿ ಕೂತಿದ್ದ. ಭಾವನಿಗೆ ಸರ್ಕಾರಿ ಬಸ್ಸು ಇದೆಯಲ್ಲ, ಹೇಗೂ ಹೋಗುತ್ತಾರೆ ಎಂದುಕೊಂಡಿದ್ದನಂತೆ. ಗೇಟಿನ ವಿಷಯ ಅವನಿಗೂ ಹೊಳೆದಿರಲಿಲ್ಲ. ಭಾವನ ಕೈಗೆ ಚುಚ್ಚಿದ್ದ ಸೂಜಿಯನ್ನೇ ನೋಡುತ್ತಾ ನಿಂತ.

"ಹೆಂಗಸರಿಗೆ ಬಸ್ಸು ಬಂದಿದ್ದಕ್ಕೆ ನಂಗೆ ಬೇಜಾರಿಲ್ಲ ಭಾವ. ನನ್ನ ಹೆಂಡ್ತಿನೂ ಅದ್ರಲ್ಲೇ ಹೋಗ್ತಾಳೆ. ನೀವು ಕರುಳಿಲ್ಲ ಅಂದ್ರಲ್ಲ, ಅದು."

ಇವರು ಸೂಜಿ ಇಲ್ಲದ ಕೈಯನ್ನು ಚಾಚಿ ಅವನ ಮಣಿಕಟ್ಟು ಹಿಡಿದುಕೊಂಡರು. ಮಷೀನು ನಿಲ್ಲುವವರೆಗೂ ಬಿಡಲಿಲ್ಲ. ನಾನು ಕಾಫಿ ತರುವ ನೆಪ ಮಾಡಿ ಹೊರಗೆ ಹೋದೆ.

ಆಮೇಲೆ ಕೆಲವು ವಾರ ಜೀಪು, ಕೆಲವು ಸಲ ಅವರಿವರ ಕಾರು. ಆ ಖರ್ಚು ಪಿಂಚಣಿಗೆ ತಡೆಯುವಂಥದ್ದಲ್ಲ. ಅಷ್ಟರಲ್ಲಿ ತಮ್ಮನಿಂದ ಸುದ್ದಿ ಬಂತು. ಸರ್ಕಾರಿ ಬಸ್ಸಿಗೆ ಗುತ್ತಿಗೆಯ ಮೇಲೆ ಡ್ರೈವರುಗಳನ್ನು ತೆಗೆದುಕೊಳ್ಳುತ್ತಿದ್ದರು. ಯಾರೋ ಗುತ್ತಿಗೆದಾರನ ಮೂಲಕ ಅವನೂ ಸೇರಿಕೊಂಡಿದ್ದ. ಬಸ್ಸು ಸರ್ಕಾರದ್ದು, ಡ್ರೈವರು ಖಾಸಗಿಯವನು. ಇದನ್ನು ಯಾವ ಲೆಕ್ಕಕ್ಕೆ ಸೇರಿಸುತ್ತೀರಿ ಎಂದು ಗಾರ್ಡ್ ಸಾಹೇಬರನ್ನು ಕೇಳಿದೆ. ರೈಲಿನಲ್ಲೂ ಹೀಗೇ ಶುರುವಾಗಿದೆ ಎಂದು ಗೊಣಗಿ ಪೇಪರು ಮಡಚಿಟ್ಟರು. ಈ ಊರಿನ ತಿರುವು ಗೊತ್ತಿದ್ದವನು ಎಂದು ತಮ್ಮನಿಗೆ ನಮ್ಮ ರಸ್ತೆಯನ್ನೇ ಕೊಟ್ಟಿದ್ದರು.

ನನಗೆ ಹಿಡಿಸಲಾರದ ಸಂತೋಷ. ಇನ್ನು ಗೇಟಿನಲ್ಲೇ ಬಸ್ಸು ಎಂದೆ. ಇವರು ಖಡಾಖಂಡಿತವಾಗಿ ಇಲ್ಲ ಎಂದರು. ಹಿಂದಿದ್ದ ಹೊಸ ಹುಡುಗನೂ ಆಮೇಲಾಮೇಲೆ ಕರುಣೆ ಬಂದು ಒಂದೆರಡು ಕಡೆ ಗೇಟಿನಲ್ಲಿ ನಿಲ್ಲಿಸಿದ್ದನಂತೆ. ಯಾರೋ ಹೊತ್ತು ತಪ್ಪುತ್ತಿದೆ ಎಂದು ದೂರು ಕೊಟ್ಟು, ಅವನನ್ನು ಬೇರೆ ಕಡೆಗೆ ಹಾಕಿದ್ದರು. ಅವನಾದರೂ ಕಾಯಂ ನೌಕರ. ತಮ್ಮನನ್ನು ಬೇರೆ ಕಡೆಗೆ ಹಾಕುವುದಿಲ್ಲ, ನಾಳೆಯಿಂದ ಬರಬೇಡ ಎನ್ನುತ್ತಾರೆ ಅಷ್ಟೆ.

"ನಾವು ಗೇಟಲ್ಲಿ ನಿಂತ್ರೆ ಅವ ನಿಲ್ಲಿಸದೇ ಇರಲ್ಲ," ಎಂದರು. "ಅದಕ್ಕೇ ನಾವು ನಿಲ್ಲಬಾರದು. ಒಂದ್ಸಲ ಅವನ ಬಸ್ಸು ಹೋಯ್ತು, ಈಗ ಕೆಲಸ ತೆಗಿಯೋದು ಬೇಡ."

ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ಆಗಲಿಲ್ಲ, ಅದಕ್ಕೆ ಇನ್ನೂ ಸಿಟ್ಟು ಬಂತು. ಅತ್ತ ಆಸ್ಪತ್ರೆ ತಪ್ಪುವಂತಿಲ್ಲ, ಇತ್ತ ತಮ್ಮನ ಅನ್ನ ಕಳೆಯುವಂತಿಲ್ಲ, ನಡುವೆ ಎರಡು ತಿರುವಿನ ಏರು. ಮುಂದಿನ ಸೋಮವಾರ ಕತ್ತಲಲ್ಲೇ ಎದ್ದು ಹೊರಟೆವು. ಹೊರಡುವ ಮೊದಲು ಒಂದು ಮಾತು ತೆಗೆದುಕೊಂಡರು, ಬಸ್ಸು ಬಂದರೂ ತಿರುಗಿ ನೋಡಬಾರದು, ಕೈ ಎತ್ತಬಾರದು. ಆಯಿತು ಎಂದೆ, ಮನಸ್ಸಿನಲ್ಲಿ ಬೇರೆಯೇ ಇತ್ತು.

ಅಂದು ಅವರ ಕಾಲು ಎಂದಿಗಿಂತ ಭಾರವಾಗಿತ್ತು. ಗೇಟಿಗೆ ಬರುವಷ್ಟರಲ್ಲೇ ಬೆಳಕು ಹರಿಯಿತು. ಮೊದಲ ತಿರುವಿನವರೆಗೆ ಬಂದು ಮರಕ್ಕೆ ಒರಗಿದರು, ಮತ್ತೆ ಹೊರಟರು. ಎರಡು ತಿರುವುಗಳ ನಡುವೆ ಇದ್ದಾಗ ಹಿಂದೆ ಕೆಳಗೆಲ್ಲೋ ಬಸ್ಸಿನ ಸದ್ದು ಕೇಳಿತು. ಬಸ್ಸು ನಮ್ಮನ್ನು ದಾಟಿ ಹೋದರೆ ಮುಗಿಯಿತು, ಶಾಲೆಯ ಹತ್ತಿರ ಅದು ಎಷ್ಟು ಹೊತ್ತು ನಿಂತೀತು? ನಿಲ್ಲಿಸಿದರೂ ಮುಗಿಯಿತು, ಒಳಗೆ ದೂರು ಕೊಟ್ಟವನೇ ಕೂತಿದ್ದರೆ? ಗೇಟಿನ ಹತ್ತಿರ ಸದ್ದು ಸ್ವಲ್ಪ ಇಳಿಯಿತು. ಅಲ್ಲಿ ಯಾರೂ ಇಲ್ಲದ್ದನ್ನು ಅವನು ನೋಡಿದ ಎಂದುಕೊಂಡೆ. ಮತ್ತೆ ಸದ್ದು ಏರಿತು, ತಿರುವಿಗೆ ಬಂತು.

ಕೈ ಎತ್ತಲು ಹೊರಟೆ. ಇವರು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು ಕೆಳಗೆ ಒತ್ತಿದರು. ಅಷ್ಟು ಬಲ ಎಲ್ಲಿತ್ತೋ. ರಸ್ತೆಯ ಅಂಚಿಗೆ ಸರಿದು, ಮುಂದೆ ನೋಡಿಕೊಂಡು, ಒಂದೊಂದೇ ಹೆಜ್ಜೆ ಇಡತೊಡಗಿದರು. ಬಸ್ಸು ನಮ್ಮ ಬೆನ್ನಿಗೆ ಬಂತು. ಅದರ ಬಿಸಿ ನನ್ನ ಹಿಮ್ಮಡಿಗೆ ತಾಗಿತು. ಈಗ ದಾಟುತ್ತದೆ, ಈಗ ದಾಟುತ್ತದೆ ಎಂದುಕೊಂಡೆ.

ದಾಟಲಿಲ್ಲ. ನಿಲ್ಲಲೂ ಇಲ್ಲ. ಮೊದಲನೇ ಗೇರಿನಲ್ಲಿ ಗುರುಗುಟ್ಟುತ್ತಾ ನಮ್ಮ ಹಿಂದೆಯೇ ಬರತೊಡಗಿತು. ಇವರು ಒಂದು ಹೆಜ್ಜೆ ಇಟ್ಟರೆ ಅದೂ ಒಂದು ಮಾರು ಉರುಳುವುದು. ಇವರ ಕಾಲು ಎಡವಿದಂತಾದರೆ ಅದರ ಸದ್ದು ಇನ್ನೂ ತಗ್ಗುವುದು. ಮಾತು ಕೊಟ್ಟಿದ್ದು ಮರೆತು ನಾನು ತಿರುಗಿ ನೋಡಿದೆ. ಬಸ್ಸಿನ ತುಂಬಾ ಜನ. ಕಿಟಕಿಗಳಲ್ಲಿ ಹಿಂದಿನ ಊರುಗಳಿಂದ ಕೂಲಿಗೆ ಹೊರಟ ಹೆಂಗಸರ ಮುಖಗಳು. ಗಾಜಿನ ಹಿಂದೆ ನನ್ನ ತಮ್ಮ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು, ತನ್ನ ಭಾವನ ಬೆನ್ನನ್ನೇ ನೋಡುತ್ತಿದ್ದ. ಕಣ್ಣು ಒರೆಸಿಕೊಳ್ಳಲು ಅವನಿಗೆ ಕೈ ಖಾಲಿ ಇರಲಿಲ್ಲ.

ಎರಡನೇ ತಿರುವು ಕಳೆಯಿತು. ಶಾಲೆಯ ಹತ್ತಿರದ ನಿಲ್ದಾಣ ಮುಟ್ಟಿ ಇವರು ಕಂಬ ಹಿಡಿದು ನಿಂತರು, ಉಸಿರು ಸುಧಾರಿಸಿಕೊಂಡರು, ಸ್ವೆಟರ್ ಎಳೆದು ಸರಿ ಮಾಡಿಕೊಂಡರು. ಆಮೇಲೆ ತಿರುಗಿ ನಿಂತು, ಹಾಲ್ಟಿನಲ್ಲಿ ನಿಂತ ಪ್ರಯಾಣಿಕನ ಹಾಗೆ, ಬಸ್ಸಿಗೆ ಕೈ ತೋರಿಸಿದರು. ಬಸ್ಸು ನಿಂತಿತು. ಒಳಗಿದ್ದ ಹೆಂಗಸರು ಇಬ್ಬರು ಇಳಿದು ಬಂದು ಅವರನ್ನು ಮೆಟ್ಟಿಲು ಹತ್ತಿಸಿದರು. ಡ್ರೈವರ್ ಸೀಟಿನ ಹತ್ತಿರ ಬಂದಾಗ ಇವರು ಕೈಗಡಿಯಾರ ನೋಡಿಕೊಂಡರು.

"ಲೇಟಾಗಿದೀಯಲ್ಲ ಮಾರಾಯ," ಎಂದರು.

"ರೋಡಲ್ಲಿ ಯಾರೋ ಅಡ್ಡ ಇದ್ರು ಭಾವ," ಎಂದ ತಮ್ಮ.

ನಾವು ಸೀಟಿನಲ್ಲಿ ಕೂತದ್ದನ್ನು ಕನ್ನಡಿಯಲ್ಲಿ ನೋಡಿಕೊಂಡು ಆಮೇಲೆ ಅವನು ಗೇರು ಹಾಕಿದ.